ಔಟೋ ನಾಟೌಟೋ: ಗಡಿ ಹಳ್ಳಿಗಳಲ್ಲಿ ಮುಗಿಯದ ಅಂಪೈರ್ ಪಂಚಾಯ್ತಿ

ಧರ್ಮಪುರಿ: ಐಪಿಎಲ್ ಪ್ಲೇಆಫ್ ಹತ್ತಿರ ಬಂತೆಂದರೆ ಪೆನ್ನಾಗರಂ, ಪಾಲಕ್ಕೋಡು, ಮೆಟ್ಟೂರು ಕಡೆಯ ಹಳ್ಳಿಗಳಲ್ಲಿ ಒಂದೇ ಮನೆಯೊಳಗೆ ಎರಡು ಪಾರ್ಟಿ ಆಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಎರಡೂ. ಬೆಂಗಳೂರಿಗೆ ಕೆಲಸಕ್ಕೆ ಹೋದ ಅಣ್ಣ ಕೆಂಪು ಜರ್ಸಿ ತಂದಿರುತ್ತಾನೆ. ಸೇಲಂನಲ್ಲಿ ಕಾಲೇಜು ಓದುವ ತಮ್ಮ ಹಳದಿ ಹಾಕಿಕೊಂಡಿರುತ್ತಾನೆ. ಅಣ್ಣ 'ಈ ಸಲ ಕಪ್ ನಮ್ದೇ' ಅಂದರೆ ತಮ್ಮ ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆಯುತ್ತಾನೆ. ಆಟ ರಾತ್ರಿ ಹನ್ನೊಂದೂವರೆಗೆ ಮುಗಿಯುತ್ತದೆ. ಅಂಪೈರ್ ಬಗ್ಗೆ ಶುರುವಾದ ಪಂಚಾಯ್ತಿ ಮಾತ್ರ ಮಾರನೆಯ ದಿನ ಟೀ ಅಂಗಡಿಗೆ ಬರುತ್ತದೆ. ಅಲ್ಲಿಂದ ಬಸ್ ಹತ್ತಿ ಊರೂರು ಸುತ್ತುತ್ತದೆ.

ಎರಡು ಭಾಷೆ ಬಲ್ಲವರಿಗೆ ಇಲ್ಲಿ ಒಂದು ಸ್ವಾರಸ್ಯ ಕಾಣಬಹುದು. ಅಂಪೈರ್‌ಗೆ ತಮಿಳಿನವರು 'ನಡುವರ್' ಅನ್ನುತ್ತಾರೆ, ಅಂದರೆ ನಡುವೆ ನಿಂತವನು. ಕನ್ನಡದಲ್ಲಿ ಆತ 'ತೀರ್ಪುಗಾರ'. ಒಂದು ಭಾಷೆ ಅವನನ್ನು ಯಾರ ಕಡೆಯೂ ವಾಲಬೇಡ ಅನ್ನುತ್ತದೆ, ಇನ್ನೊಂದು ಬೇಗ ತೀರ್ಪು ಹೇಳು ಅನ್ನುತ್ತದೆ. ಪಾಪ, ಆತನಿಗೆ ಎರಡೂ ಕೆಲಸ ಒಟ್ಟಿಗೆ ಆಗಬೇಕು. ಅದೂ ನಲವತ್ತು ಸಾವಿರ ಜನ ಕೂಗುತ್ತಿರುವಾಗ!

ಹದಿನೈದು ಸೆಕೆಂಡಿನ ಜಗಳ

ಈ ಕಡೆ ಅತಿ ಹೆಚ್ಚು ಮಾತು ಖರ್ಚಾಗಿರುವುದು ಬ್ರೆವಿಸ್ ಔಟಿನ ಮೇಲೆ. 2025ರ ಮೇ 3, ಬೆಂಗಳೂರಿನ ಚಿನ್ನಸ್ವಾಮಿ ಮೈದಾನ. ಬೆಂಗಳೂರು 213 ಹೊಡೆದಿತ್ತು. ಚೆನ್ನೈ ಪರ ಆಯುಷ್ ಮ್ಹಾತ್ರೆ 94 ರನ್ ಮಾಡಿ ಔಟಾದ. ಮುಂದಿನ ಚೆಂಡಿಗೇ ಡೆವಾಲ್ಡ್ ಬ್ರೆವಿಸ್. ಲುಂಗಿ ಎನ್‌ಗಿಡಿ ಹಾಕಿದ ಫುಲ್‌ಟಾಸ್ ಪ್ಯಾಡಿಗೆ ಬಡಿಯಿತು, ಅಂಪೈರ್ ನಿತಿನ್ ಮೆನನ್ ಬೆರಳೆತ್ತಿದರು. ಚೆಂಡು ದೂರ ಹೋಗಿದ್ದರಿಂದ ಬ್ರೆವಿಸ್, ಜಡೇಜ ಇಬ್ಬರೂ ರನ್ ಓಡಿದರು. ಓಡಿ, ನಿಂತು, ಮಾತಾಡಿ ರಿವ್ಯೂ ಕೇಳುವಷ್ಟರಲ್ಲಿ ಸಮಯ ಮುಗಿದಿದೆ ಎಂದುಬಿಟ್ಟರು. ಆಮೇಲೆ ಟಿವಿಯಲ್ಲಿ ತೋರಿಸಿದ್ದೇನು? ಚೆಂಡು ಲೆಗ್ ಸ್ಟಂಪಿನ ಆಚೆ ಹೋಗುತ್ತಿತ್ತು. ಚೆನ್ನೈ ಸೋತದ್ದು ಬರೀ 2 ರನ್ನಿನಿಂದ.

ಹಳದಿ ಪಾರ್ಟಿ 'ಮೋಸ' ಅಂದಿತು. ಕೆಂಪು ಪಾರ್ಟಿ 'ರೂಲ್ಸು' ಅಂದಿತು. ರೂಲ್ಸು ಏನು ಹೇಳುತ್ತದೆ ಎಂದು ನೋಡಿದವರು ಕಡಿಮೆ.

ಅಂಪೈರ್ ಔಟ್ ಕೊಟ್ಟ ಕೂಡಲೇ ಚೆಂಡು 'ಡೆಡ್', ಅಂದರೆ ಆಟ ಅಲ್ಲಿಗೆ ನಿಂತಂತೆ. ರಿವ್ಯೂ ಕೇಳಲು ಆಗಿನಿಂದ 15 ಸೆಕೆಂಡು. ಆಮೇಲೆ ಓಡಿದ ರನ್ನಿಗೆ ಲೆಕ್ಕವಿಲ್ಲ. ರಿವ್ಯೂನಲ್ಲಿ ಗೆದ್ದು ನಾಟೌಟ್ ಆದರೂ ಆ ರನ್ ಸಿಗುವುದಿಲ್ಲ. ಹಾಗಾಗಿ ಬ್ರೆವಿಸ್ ಓಡಿದ್ದು ಇಲ್ಲದ ರನ್ನಿಗೆ, ಕಳೆದುಕೊಂಡದ್ದು ಇದ್ದ ಸಮಯವನ್ನು. ಬೆರಳೆತ್ತಿದ್ದು ತಪ್ಪು ತೀರ್ಪು, ರಿವ್ಯೂ ಕೊಡದಿದ್ದದ್ದು ಸರಿ ತೀರ್ಪು. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಟೀ ಅಂಗಡಿಯಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿ ಎಳೆದಾಡುವುದರಿಂದಲೇ ವಾದ ಮುಗಿಯುವುದಿಲ್ಲ. ಗಡಿಯಾರ ಎಲ್ಲರಿಗೂ ಕಾಣುವಂತೆ ಪರದೆ ಮೇಲೆ ಬರಲಿಲ್ಲ ಎಂಬ ಚೆನ್ನೈ ಅಭಿಮಾನಿಗಳ ದೂರನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಸಮಯ ಅಳೆಯುವುದಾದರೆ ಅಳೆಸಿಕೊಳ್ಳುವವನಿಗೆ ಅದು ಕಾಣಬೇಕು ತಾನೆ?

ಇದರಿಂದ ಪ್ಲೇಆಫ್‌ಗೆ ಏನಾಯಿತು? ಚೆನ್ನೈ ಅಷ್ಟರಲ್ಲಾಗಲೇ ಹೊರಬಿದ್ದಿತ್ತು. ಆದರೆ ಬೆಂಗಳೂರಿಗೆ ಸಿಕ್ಕ ಆ 2 ಪಾಯಿಂಟ್ ಸಣ್ಣದಲ್ಲ. ಲೀಗ್ ಮುಗಿದಾಗ ಬೆಂಗಳೂರು 19 ಪಾಯಿಂಟ್, ಗುಜರಾತ್ 18. ಆ ಪಂದ್ಯ ಸೋತಿದ್ದರೆ ಬೆಂಗಳೂರು 17ಕ್ಕೆ ಇಳಿದು ಮೂರನೇ ಸ್ಥಾನದಲ್ಲಿರುತ್ತಿತ್ತು. 2011ರಿಂದ ಇರುವ ಪದ್ಧತಿಯಲ್ಲಿ ಮೊದಲ ಎರಡು ಸ್ಥಾನದವರಿಗೆ ಒಂದು ಸೋಲು ಮಾಫಿ. ಮೂರು, ನಾಲ್ಕನೆಯವರು ಎಲಿಮಿನೇಟರ್ ಆಡಬೇಕು, ಸೋತರೆ ಅಂದೇ ಗಂಟುಮೂಟೆ. ಬೆಂಗಳೂರು ಎರಡನೆಯದಾಗಿ ಹೋಗಿ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಲೆಕ್ಕ ಗೊತ್ತಿರುವ ಹಳದಿಯವರು ಇದನ್ನು ಇನ್ನೂ ಮರೆತಿಲ್ಲ.

ಅಂಪೈರ್ ಯಾವ ಊರಿನವರು?

ವಾದ ಬಿಸಿಯಾದಾಗ ಬರುವ ಮಾತು ಇದು. 'ಅವನು ನಿಮ್ಮವನು ಕಣೋ.' ಈ ಮಾತಿಗೆ 2019ರ ಮಾರ್ಚ್ 28ರ ಪಂದ್ಯವೇ ಉತ್ತರ. ಅದೂ ಚಿನ್ನಸ್ವಾಮಿಯಲ್ಲೇ. ಮುಂಬೈ ವಿರುದ್ಧ ಬೆಂಗಳೂರಿಗೆ ಕೊನೆಯ ಚೆಂಡಿನಲ್ಲಿ 7 ರನ್ ಬೇಕಿತ್ತು. ಮಾಲಿಂಗನ ಕಾಲು ಗೆರೆ ದಾಟಿತ್ತು, ನೋಬಾಲ್ ಬರಲಿಲ್ಲ. ಬೆಂಗಳೂರು 6 ರನ್ನಿನಿಂದ ಸೋತಿತು. ನಾವು ಆಡುತ್ತಿರುವುದು ಐಪಿಎಲ್, ಕ್ಲಬ್ ಕ್ರಿಕೆಟ್ ಅಲ್ಲ ಎಂದು ಕೊಹ್ಲಿ ಸಿಟ್ಟಾದರು. ನೋಬಾಲ್ ನೋಡದೆ ಹೋದ ಅಂಪೈರ್ ಎಸ್. ರವಿ. ಹುಟ್ಟಿದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಿ!

ಬೆಂಗಳೂರಿನಲ್ಲಿ ಹುಟ್ಟಿದವರು ಬೆಂಗಳೂರಿನಲ್ಲೇ ನಿಂತು ಬೆಂಗಳೂರಿಗೇ ನಷ್ಟ ಮಾಡಿದ ಮೇಲೆ ಊರಿನ ವಾದಕ್ಕೆ ಎಲ್ಲಿ ಜಾಗ? ಅಲ್ಲಿ ಆಗಿದ್ದು ಪಕ್ಷಪಾತವಲ್ಲ, ಕಣ್ಣಿನ ಮಿತಿ. ಬೌಲರನ ಕಾಲು ನೋಡಿದ ಅರ್ಧ ಸೆಕೆಂಡಿನೊಳಗೆ ತಲೆ ಎತ್ತಿ ಬ್ಯಾಟು, ಪ್ಯಾಡು ನೋಡಬೇಕು. 2020ರಿಂದ ಕಾಲಿನ ನೋಬಾಲ್ ನೋಡುವ ಕೆಲಸ ಟಿವಿ ಅಂಪೈರ್‌ಗೆ ಹೋಯಿತು, ಆ ತಂಟೆ ಬಹುಮಟ್ಟಿಗೆ ನಿಂತಿತು.

ಸೊಂಟದ ನೋಬಾಲ್ ತಂಟೆ ನಿಲ್ಲಲಿಲ್ಲ. 2019ರ ಏಪ್ರಿಲ್ 11ರಂದು ಜೈಪುರದಲ್ಲಿ ಒಬ್ಬ ಅಂಪೈರ್ ನೋಬಾಲ್ ಎಂದು ಕೈ ಚಾಚಿದರು, ಇನ್ನೊಬ್ಬರು ಬೇಡವೆಂದರು. ತಾಳ್ಮೆಗೆ ಹೆಸರಾದ ಧೋನಿ ಔಟಾಗಿ ಕೂತಿದ್ದವರು ಎದ್ದು ಮೈದಾನಕ್ಕೇ ನುಗ್ಗಿದರು. 2024ರ ಏಪ್ರಿಲ್ 21ರಂದು ಕೋಲ್ಕತ್ತದಲ್ಲಿ ಕೊಹ್ಲಿ ಸರದಿ. ಹರ್ಷಿತ್ ರಾಣಾನ ಫುಲ್‌ಟಾಸಿಗೆ ಕ್ಯಾಚಿತ್ತ ಕೊಹ್ಲಿ, ಚೆಂಡು ಸೊಂಟದ ಮೇಲಿತ್ತು ಎಂದು ಕೂಗಾಡಿದರು. ಬೆಂಗಳೂರು ಸೋತದ್ದು 1 ರನ್ನಿನಿಂದ. ದಂಡ ಮಾತ್ರ ಇಬ್ಬರಿಗೂ ಒಂದೇ, ಪಂದ್ಯದ ಸಂಭಾವನೆಯ ಅರ್ಧ.

ಕೊಹ್ಲಿಯ ಚೆಂಡನ್ನು ಕಂಡ ಕಣ್ಣಿಗೆಲ್ಲ ಅದು ನೋಬಾಲೇ. ಆದರೆ ನಿಯಮ ಕೇಳುವ ಪ್ರಶ್ನೆ ಬೇರೆ. ಬ್ಯಾಟ್ಸ್‌ಮನ್ ಕ್ರೀಸಿನಲ್ಲಿ ನೆಟ್ಟಗೆ ನಿಂತಿದ್ದರೆ ಚೆಂಡು ಅವನ ಸೊಂಟಕ್ಕಿಂತ ಮೇಲೆ ಹೋಗುತ್ತಿತ್ತೇ? ಕೊಹ್ಲಿ ಕ್ರೀಸು ಬಿಟ್ಟು ಮುಂದೆ ನಿಂತಿದ್ದರು, ಚೆಂಡು ಕೆಳಗಿಳಿಯುತ್ತಿತ್ತು. ಆ ವರ್ಷ ಆಟಗಾರರ ಸೊಂಟದ ಎತ್ತರವನ್ನು ಮೊದಲೇ ಅಳೆದಿಟ್ಟಿದ್ದರು. ಕೊಹ್ಲಿಯದು 1.04 ಮೀಟರ್. ಕ್ರೀಸಿಗೆ ಬರುವಾಗ ಚೆಂಡು 0.92 ಮೀಟರ್ ಎತ್ತರದಲ್ಲಿರುತ್ತಿತ್ತು ಎಂದು ಯಂತ್ರ ಲೆಕ್ಕ ಹಾಕಿತು. ಹನ್ನೆರಡು ಸೆಂಟಿಮೀಟರ್ ಕಡಿಮೆ. ದರ್ಜಿಯ ಟೇಪು ಹಿಡಿದು ತೋರಿಸಿದರೆ ಎಲ್ಲರಿಗೂ ಅರ್ಥವಾಗುವ ಸಂಗತಿ. ಫೋನಿನಲ್ಲಿ ಓಡಾಡಿದ ಚಿತ್ರಗಳು ತೋರಿಸಿದ್ದು ಬ್ಯಾಟಿಗೆ ತಾಗಿದ ಜಾಗದ ಎತ್ತರವನ್ನು.

ಕಾರ್ತಿಕ್ ಬ್ಯಾಟು, ಕಾರ್ತಿಕ್ ಪ್ಯಾಡು

ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳುವಂತಿಲ್ಲ. 2024ರ ಮೇ 22ರ ಎಲಿಮಿನೇಟರ್, ಅಹಮದಾಬಾದ್, ಬೆಂಗಳೂರಿಗೆ ಎದುರಾಳಿ ರಾಜಸ್ಥಾನ. ದಿನೇಶ್ ಕಾರ್ತಿಕ್‌ರನ್ನು ಈ ಕಡೆಯವರಿಗೆ ಪರಿಚಯಿಸಬೇಕಿಲ್ಲ. ತಮಿಳುನಾಡಿನ ಆಟಗಾರ, ಆಡುತ್ತಿದ್ದದ್ದು ಬೆಂಗಳೂರಿಗೆ. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯಲ್ಲಿ ವೇಗದ ಬೌಲರ್ ಟಿ. ನಟರಾಜನ್ ಕಟ್ಟಿಸಿದ ಮೈದಾನವನ್ನು 2023ರ ಜೂನಿನಲ್ಲಿ ಉದ್ಘಾಟಿಸಿದ್ದೂ ಅವರೇ. ಹಾಗಾಗಿ ಅಂದು ಅಣ್ಣತಮ್ಮ ಇಬ್ಬರಿಗೂ ಒಂದೇ ಆಟಗಾರ ಬೇಕಾಗಿದ್ದ.

ಮೊದಲ ಚೆಂಡಿಗೇ ಆವೇಶ್ ಖಾನ್ ಎಸೆತ ಕಾಲಿಗೆ ಬಡಿದು ಎಲ್‌ಬಿಡಬ್ಲ್ಯೂ ಔಟ್. ಕಾರ್ತಿಕ್ ರಿವ್ಯೂ ಕೇಳಿದರು. ಸ್ಟಂಪಿನಲ್ಲಿರುವ ಮೈಕು ಸದ್ದು ಹಿಡಿಯುತ್ತದೆ, ಆ ಸದ್ದು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಗೆರೆ ಎದ್ದಿತು. ಟಿವಿ ಅಂಪೈರ್ ಅನಿಲ್ ಚೌಧರಿ ಬ್ಯಾಟಿಗೆ ಚೆಂಡು ತಾಗಿದೆ ಎಂದು ನಾಟೌಟ್ ಕೊಟ್ಟರು. ಆದರೆ ಚಿತ್ರ ನೋಡಿದ ಬಹಳ ಮಂದಿಗೆ ಕಂಡದ್ದು ಬ್ಯಾಟು ಪ್ಯಾಡಿಗೆ ತಾಗಿದ್ದು. ವೀಕ್ಷಕ ವಿವರಣೆಯಲ್ಲಿದ್ದ ಗಾವಸ್ಕರ್ ಅವರಿಗೂ ಹಾಗೇ ಕಂಡಿತು. ಮೈಕಿಗೆ ಸದ್ದು ಗೊತ್ತು, ಸದ್ದು ಯಾವುದರದು ಎಂದು ಗೊತ್ತಿಲ್ಲ. ಅದನ್ನು ಹೇಳಬೇಕಾದವನು ಮನುಷ್ಯನೇ.

ಕಾರ್ತಿಕ್ 11 ರನ್ ಮಾಡಿದರು, ಬೆಂಗಳೂರು 4 ವಿಕೆಟ್‌ನಿಂದ ಸೋತು ಮನೆಗೆ ಹೋಯಿತು. ಲಾಭ ಪಡೆದವರೇ ಸೋತದ್ದರಿಂದ ಗಲಾಟೆ ತಣ್ಣಗಾಯಿತು. ತೀರ್ಪು ಸರಿಯೋ ತಪ್ಪೋ ಎಂಬುದು ಹಾಗೇ ಉಳಿಯಿತು. ಗೆದ್ದಿದ್ದರೆ ಏನಾಗುತ್ತಿತ್ತೋ!

ಬ್ಯಾಸ್ಕೆಟ್‌ಬಾಲ್‌ನವರು ಮಾಡುವುದೇನು?

ಇದೇ ಜಗಳ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲೂ ಹಳೆಯದು. ಅಲ್ಲಿ ಪ್ಲೇಆಫ್ ಒಂದು ಪಂದ್ಯದ ಮಾತಲ್ಲ, ಅದೇ ಎರಡು ತಂಡ ಏಳು ಪಂದ್ಯ ಆಡುವುದಕ್ಕೆ ಸಿದ್ಧವಾಗಿರಬೇಕು, ಮೊದಲು ನಾಲ್ಕು ಗೆದ್ದವರು ಮುಂದೆ. ಒಂದು ಕೆಟ್ಟ ತೀರ್ಪನ್ನು ಮುಂದಿನ ಪಂದ್ಯದಲ್ಲಿ ತೀರಿಸಿಕೊಳ್ಳಬಹುದು. ಆದರೂ 2002ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್, ಸ್ಯಾಕ್ರಮೆಂಟೊ ಕಿಂಗ್ಸ್ ನಡುವಿನ ಆರನೇ ಪಂದ್ಯದ ಮಾತು ಅಲ್ಲಿ ಇನ್ನೂ ನಿಂತಿಲ್ಲ. ಕಿಂಗ್ಸ್ 3-2ರಿಂದ ಮುಂದಿತ್ತು. ಆರನೇ ಪಂದ್ಯದ ಕೊನೆಯ ಹನ್ನೆರಡು ನಿಮಿಷದಲ್ಲಿ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕವು. ಲೇಕರ್ಸ್ 106-102ರಿಂದ ಗೆದ್ದು, ಏಳನೆಯದನ್ನೂ ಗೆದ್ದಿತು. 2007ರಲ್ಲಿ ಟಿಮ್ ಡೊನಾಹಿ ಎಂಬ ರೆಫರಿ ಬೆಟ್ಟಿಂಗ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಆಮೇಲೆ ಜೈಲಿಗೆ ಹೋದ ಮೇಲಂತೂ ಹಳೆಯ ಸಂಶಯಗಳೆಲ್ಲ ಮತ್ತೆ ಎದ್ದವು.

ನಮ್ಮಲ್ಲೂ ಸಂಶಯಕ್ಕೆ ಬೇರಿಲ್ಲ ಎನ್ನಲಾಗದು. ಬೆಟ್ಟಿಂಗ್ ಹಗರಣದಿಂದ ಚೆನ್ನೈ, ರಾಜಸ್ಥಾನ ತಂಡಗಳು 2016, 2017 ಎರಡು ವರ್ಷ ಹೊರಗಿದ್ದವು. ಐಪಿಎಲ್‌ನಲ್ಲಿ ಅಂಪೈರ್ ಆಗಿದ್ದ ಪಾಕಿಸ್ತಾನದ ಅಸದ್ ರವೂಫ್ ಮೇಲೆ 2016ರಲ್ಲಿ ಮಂಡಳಿ ಐದು ವರ್ಷ ನಿಷೇಧ ಹಾಕಿತು.

ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. 2015ರಿಂದ ಎನ್‌ಬಿಎ ಹಣಾಹಣಿಯ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಒಂದೊಂದಾಗಿ ಪರಿಶೀಲಿಸಿ, ಇದು ಸರಿ, ಇದು ತಪ್ಪು, ಇದನ್ನು ನೋಡದೆ ಬಿಟ್ಟೆವು ಎಂದು ಮಾರನೆಯ ದಿನ ಪ್ರಕಟಿಸುತ್ತ ಬಂದಿದೆ. ಫಲಿತಾಂಶ ಬದಲಾಗುವುದಿಲ್ಲ. ರೆಫರಿಗಳ ಸಂಘ ಇದನ್ನು ವಿರೋಧಿಸಿದ್ದೂ ಉಂಟು. ಆದರೆ ಸೋತವನಿಗೆ 'ನೀನು ಹೇಳಿದ್ದು ನಿಜ' ಎಂಬ ಕಾಗದವಾದರೂ ಸಿಗುತ್ತದೆ. ಐಪಿಎಲ್‌ನಲ್ಲಿ ಸಾಮಾನ್ಯವಾಗಿ ಹೊರಬರುವುದು ಆಟಗಾರನಿಗೆ ದಂಡ ಹಾಕಿದ ಪ್ರಕಟಣೆ. ಅಂಪೈರ್ ಬಗ್ಗೆ ಏನು ಬರೆದರೋ ಅದು ಒಳಗೇ ಉಳಿಯುತ್ತದೆ. ಬ್ರೆವಿಸ್ ಗಡಿಯಾರದ ಬಗ್ಗೆ, ಕಾರ್ತಿಕ್ ಬ್ಯಾಟಿನ ಬಗ್ಗೆ ಅರ್ಧ ಪುಟದ ವಿವರಣೆ ಬಂದಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು.

ಮಂಡಳಿಗೆ ಇದು ಸಣ್ಣ ವಿಷಯವಿರಬಹುದು, ಗಡಿಯಲ್ಲಿ ಅಲ್ಲ. ಇಲ್ಲಿ 'ಅಂಪೈರ್ ಮೋಸ' ಎಂಬ ಮಾತು 'ಕನ್ನಡದವರ ಮೋಸ', 'ತಮಿಳಿನವರ ಮೋಸ' ಆಗುವುದಕ್ಕೆ ಎರಡು ಟೀ ಸಾಕು. ಅಲ್ಲಿಂದ ಕಾವೇರಿಗೆ ಒಂದೇ ಹೆಜ್ಜೆ. 2018ರಲ್ಲಿ ಕಾವೇರಿ ಹೋರಾಟದ ಬಿಸಿಗೆ ಚೆನ್ನೈನ ಪಂದ್ಯಗಳೇ ಪುಣೆಗೆ ಹೋದವು. ಅದಕ್ಕೂ ಮೊದಲು, 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿದ್ದಾಗ ಬಸ್ ಓಡಾಟ ನಿಂತು, ಹೊಸೂರು, ಅತ್ತಿಬೆಲೆ ನಡುವೆ ಜನ ಮೂಟೆ ಹೊತ್ತು ನಡೆದರು. ಹೀಗೆ ನಡೆಯಬೇಕಾದವರು ಎರಡೂ ಕಡೆ ನೆಂಟರಿರುವವರು, ಆಚೆ ಕೆಲಸ, ಈಚೆ ಮನೆ ಇರುವವರು.

ಇಲ್ಲಿನ ಹುಡುಗರು ತಮ್ಮ ಆಟದಲ್ಲಿ ಮಾತ್ರ ಈ ತಂಟೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಟೆನಿಸ್ ಬಾಲ್ ಪಂದ್ಯಗಳಲ್ಲಿ ಬ್ಯಾಟಿಂಗಿಗೆ ಕಾಯುತ್ತಿರುವವನೇ ಅಂಪೈರ್, ಅಂದರೆ ಆಡುತ್ತಿರುವ ಪಾರ್ಟಿಯವನೇ. ಅವನನ್ನು ಎದುರು ಪಾರ್ಟಿ ನಂಬುವುದಿಲ್ಲ, ಅವನಿಗೂ ಅದು ಗೊತ್ತು. ಅದಕ್ಕೇ ಟಾಸ್ ಹಾಕುವ ಮೊದಲೇ ಮಾತಾಗಿರುತ್ತದೆ: ಎಲ್‌ಬಿಡಬ್ಲ್ಯೂ ಇಲ್ಲ.