ಗುರುತು ಸಿಗುವಷ್ಟು ಬೆಳಕು

ಆಷಾಢದಲ್ಲಿ ಕಳಸ, ಮೂಡಿಗೆರೆಗಳ ಕಡೆ ಸೂರ್ಯೋದಯವೆಂಬುದು ಪಂಚಾಂಗದಲ್ಲಿ ಮಾತ್ರ ಉಳಿಯುತ್ತದೆ. ಸಂಧ್ಯಾವಂದನೆಗೆ ಕುಳಿತವರು ಹೊತ್ತನ್ನು ಅಂದಾಜಿನಿಂದಲೇ ಹಿಡಿಯಬೇಕು. ಇಂಥದೇ ತೊಡಕು ಯೆಹೂದಿಗಳ ಧರ್ಮಶಾಸ್ತ್ರವನ್ನೂ ಕಾಡಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ‘ಮಿಶ್ನಾ’ ಗ್ರಂಥ ತೊಡಗುವುದೇ, ಸಂಜೆಯ ‘ಶೆಮಾ’ ಪ್ರಾರ್ಥನೆಯನ್ನು ಎಷ್ಟು ಹೊತ್ತಿನಿಂದ ಹೇಳಬಹುದೆಂಬ ಪ್ರಶ್ನೆಯಿಂದ. ಬೆಳಗಿನದಕ್ಕೆ ಅದು ಕೊಡುವ ಅಳತೆ, ನೀಲಿಗೂ ಬಿಳಿಗೂ ಭೇದ ತಿಳಿಯುವಷ್ಟು ಬೆಳಕು. ಪರಿಚಿತನನ್ನು ನಾಲ್ಕು ಮೊಳ ದೂರದಿಂದ ಗುರುತಿಸುವಷ್ಟು ಬೆಳಕೆಂದು ‘ತಾಲ್ಮುಡ್’ ಮತ್ತೊಂದು ಮತವನ್ನು ಹೇಳುತ್ತದೆ. ಕಾಫಿ ತೋಟಗಳ ಮಂಜಿಗೆ ಈ ಎರಡನೆಯದೇ ಒಪ್ಪುವ ಅಳತೆಯೆಂದು ನನಗೆ ತೋರುತ್ತದೆ.

‘ಶೆಮಾ’ ಎಂದರೆ ‘ಕೇಳು’. ಇದರಲ್ಲಿ ಬೇಡಿಕೆಯೇ ಇಲ್ಲ. ಬಲಗೈಯಿಂದ ಕಣ್ಣು ಮುಚ್ಚಿಕೊಂಡು, ದೇವರು ಒಬ್ಬನೆಂಬುದನ್ನು ಭಕ್ತನು ತನ್ನ ಜನಕ್ಕೂ ತನಗೂ ಕೇಳುವಂತೆ ಹೇಳಿಕೊಳ್ಳುತ್ತಾನೆ. ಮಲಗುವಾಗ, ಏಳುವಾಗ ಅದನ್ನು ನುಡಿಯಬೇಕು, ಮಕ್ಕಳಿಗೂ ಕಲಿಸಬೇಕು.

ಘಟ್ಟದ ಕೆಳಗಣ ಮಂಗಳೂರಿನಲ್ಲಿ 1132ರಿಂದ 1149ರೊಳಗೆ ಬಹುಕಾಲ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ನೆಲಸಿದ್ದನು. ಟ್ಯುನೀಷಿಯದ ಕಡೆಯವನು; ಮೆಣಸು, ಏಲಕ್ಕಿ, ಅಡಕೆಗಳನ್ನು ಏಡನ್ನಿಗೆ ಕಳಿಸುತ್ತಿದ್ದನು. ಅವನ ಪತ್ರವ್ಯವಹಾರ ಕೈರೋದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಬಂದಿದೆ. ಯೆಹೂದಿಗಳ ಪೂಜಾವಿಧಿಯ ಕೆಲವು ಭಾಗಗಳಿಗೆ ಹತ್ತು ಮಂದಿ ಗಂಡಸರು ಕೂಡಲೇಬೇಕು. ಶೆಮಾಕ್ಕೆ ಒಬ್ಬನೇ ಸಾಕು. ಮಳೆಗಾಲದಲ್ಲಿ ಹಡಗೇ ಬಾರದ ಬಂದರಿನಲ್ಲಿ, ಊರಿನ ಸುದ್ದಿಯಿಲ್ಲದೆ ಕುಳಿತವನಿಗೆ ಅದು ಎಂಥ ಆಸರೆಯಾಗಿದ್ದೀತು!