ವನವಿಹಾರಕ್ಕೆ ಹೊರಡುವ ಮುನ್ನ

ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದುದಷ್ಟೆ. ನಮ್ಮ ಬಾಲ್ಯದಲ್ಲಿ ಅದಕ್ಕೆ ತೋಟದ ಯಜಮಾನನ ಒಪ್ಪಿಗೆಯೊಂದಿದ್ದರೆ ಸಾಕಾಗಿತ್ತು. ಈಗಿನ ಮಕ್ಕಳಿಗಾದರೋ ಒಂದು ಹೊತ್ತಿನ ಊಟದಿಂದ ತೃಪ್ತಿಯಿಲ್ಲ; ಕಾಡಿನಲ್ಲಿ ಡೇರೆಯೊಳಗೆ ಇರುಳು ಕಳೆಯಬೇಕು, ಬೆಳಗಾಗೆದ್ದು ಬೆಟ್ಟ ಹತ್ತಬೇಕು. ಅಪೇಕ್ಷೆಯು ಒಳ್ಳೆಯದೇ. ಆದರೆ ಹಲವು ಸಂಸಾರಗಳು ಕೂಡಿ ಹೊರಡುವಾಗ ಮೊದಲೇ ಯೋಚಿಸಬೇಕಾದ ಸಂಗತಿಗಳುಂಟು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ನನ್ನ ಅನುಭವವನ್ನು, ತಪ್ಪನ್ನೂ ಸೇರಿಸಿಯೇ, ಬರೆಯುತ್ತೇನೆ.

ಹಿಂದಿನ ಕಾರ್ತಿಕದಲ್ಲಿ ನಮ್ಮ ನಾಲ್ಕು ಮನೆಗಳವರು ಕುದುರೆಮುಖಕ್ಕೆ ಹೋಗುವುದೆಂದು ನಿಶ್ಚಯವಾಯಿತು. ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಪ್ರದೇಶವದು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲವೂ ಅಲ್ಲಿಯೇ ಇದೆ. ಇಂಥ ಕಾಡಿನೊಳಗೆ ಮನಬಂದಲ್ಲಿ ಡೇರೆ ಹೂಡುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪ್ರವೇಶಕ್ಕೇ ಅಪ್ಪಣೆ ಬೇಕು. ಬೆಂಕಿ ಹೊತ್ತಿಸುವುದಂತೂ ಅಪರಾಧ. ಹುಡುಗರು ಸೌದೆಯೊಟ್ಟಿ ಬೆಂಕಿಯ ಸುತ್ತ ಕುಳಿತು ಹಾಡುವ ಕನಸು ಕಂಡಿದ್ದರು. ಅದನ್ನು ಮನೆಯಲ್ಲಿಯೇ ಬಿಟ್ಟು ಬರಬೇಕಾಯಿತು.

ಭದ್ರಾನದಿಯ ಬಳಿಯ ಒಂದು ಶಿಬಿರದಲ್ಲಿ ಡೇರೆಗಳನ್ನು ಕಾದಿರಿಸಿದೆವು. ಅಲ್ಲಿಗೆ ಕೆಲಸ ಮುಗಿಯಿತೆಂದು ನಾನು ನೆಮ್ಮದಿಯಿಂದಿದ್ದೆ. ನನ್ನ ಸೋದರಳಿಯನು, “ಮಾವ, ಮಲಗುವುದಕ್ಕೆ ಜಾಗ ಸಿಕ್ಕಿತು, ಬೆಟ್ಟಕ್ಕೆ ಅಪ್ಪಣೆ ಎಲ್ಲಿ?” ಎಂದು ಕೇಳಿದಾಗಲೇ ನನಗೆ ಎಚ್ಚರವಾದುದು. ವಸತಿಯ ಚೀಟಿ ಬೇರೆ, ಶಿಖರವನ್ನೇರುವ ಅನುಜ್ಞೆ ಬೇರೆ. ೨೦೨೪ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನಸಾಗರವೇ ನುಗ್ಗಿದ ಮೇಲೆ ಸರಕಾರವು ಚಾರಣಗಳನ್ನು ಕೆಲವು ಕಾಲ ನಿಲ್ಲಿಸಿ, ಆ ಬಳಿಕ ಮುಂಗಡವಾಗಿ ಅಂತರ್ಜಾಲದಲ್ಲಿಯೇ ಹೆಸರು ನೋಂದಾಯಿಸಬೇಕೆಂದೂ, ಒಂದು ಚಾರಣಪಥಕ್ಕೆ ದಿನಕ್ಕೆ ೩೦೦ ಮಂದಿ ಮಾತ್ರವೆಂದೂ ಕಟ್ಟುಮಾಡಿತು. ಆದುದರಿಂದ ಮೊದಲು ಬೆಟ್ಟದ ದಿನವನ್ನು ಗೊತ್ತುಮಾಡಿಕೊಂಡು, ಅನಂತರ ಅದಕ್ಕೆ ಹೊಂದುವಂತೆ ಡೇರೆಯನ್ನು ಹಿಡಿಯುವುದೇ ಸರಿಯಾದ ಕ್ರಮ. ನಾವು ತಲೆಕೆಳಗಾಗಿ ಮಾಡಿದ್ದೆವು. ದೈವವಶಾತ್ ಆ ದಿನದಲ್ಲಿ ಇನ್ನೂ ಸ್ಥಳವಿತ್ತು.

ಇನ್ನು ಹೆಸರುಗಳ ವಿಚಾರ. ಸಂಸ್ಕೃತದಲ್ಲಿ ಏಕಶೇಷವೆಂಬುದೊಂದುಂಟು. “ಪಿತರೌ” ಎಂದರೆ ತಾಯಿತಂದೆಗಳಿಬ್ಬರೂ ಎಂದರ್ಥ; ಉಳಿದ ಒಂದು ಶಬ್ದವೇ ಲೋಪವಾದ ಇನ್ನೊಂದನ್ನೂ ಹೇಳುತ್ತದೆ. ನಮ್ಮ ಮನೆಗಳ ಲೆಕ್ಕವೂ ಹಾಗೆಯೇ. ಯಜಮಾನರನ್ನು ಕೇಳಿದರೆ “ನಮ್ಮಿಂದ ಐದು ಜನ” ಎನ್ನುತ್ತಾರೆ. ಆ ಐವರು ಯಾರೆಂಬುದು ಅವರಿಗೂ ಕೊನೆಯವರೆಗೆ ಖಚಿತವಿರುವುದಿಲ್ಲ. ಅರಣ್ಯದ ಕಾವಲುಕಟ್ಟೆಯಲ್ಲಿ ಏಕಶೇಷ ನಡೆಯದು. ಗುರುತಿನ ಚೀಟಿಯಲ್ಲಿದ್ದಂತೆಯೇ ಒಬ್ಬೊಬ್ಬರ ಹೆಸರೂ ಬೇಕು. ಮನೆಯಲ್ಲಿ ಅಪ್ಪಿ ಎಂದು ಕರೆಸಿಕೊಳ್ಳುವ ಅಳಿಯನಿಗೆ ಚೀಟಿಯಲ್ಲಿ ಅಷ್ಟುದ್ದದ ಹೆಸರಿದೆಯೆಂಬುದು ನನಗೆ ಆಗಲೇ ತಿಳಿದದ್ದು. ಹಾಗೆಯೇ, ಒಟ್ಟು ಹದಿನೇಳು ಮಂದಿಯೆಂದು ಬರೆದುಕೊಂಡಿದ್ದ ನಾವು ಬಂಡಿ ನಡೆಸುವವನನ್ನು ಮರೆತೇ ಬಿಟ್ಟಿದ್ದೆವು. ಅವನಿಗೂ ಊಟ, ಹಾಸಿಗೆ ಬೇಡವೆ? ಆ ಖರ್ಚನ್ನು ನಾಲ್ಕು ಮನೆಯವರೂ ಸಮವಾಗಿ ಹಂಚಿಕೊಂಡೆವು. ಮಿಕ್ಕ ಹಣದ ಲೆಕ್ಕವೆಲ್ಲ ಒಬ್ಬ ಸೊಸೆಯ ಕೈಯಲ್ಲಿದ್ದುದರಿಂದ ಜಗಳವಾಗಲಿಲ್ಲ.

ನನ್ನ ತಪ್ಪು ಬೇರೆ. ಬೆಟ್ಟಕ್ಕೆ ಹೋಗಿಬರಲು ಸುಮಾರು ೨೦ ಕಿಲೋಮೀಟರು ನಡಿಗೆ. ಶಿಖರದ ಎತ್ತರ ೧,೮೯೦ ಮೀಟರಿಗೂ ಹೆಚ್ಚು. ಆದಕಾರಣ ಚಿಕ್ಕ ಮಕ್ಕಳನ್ನೂ ಮುದುಕರನ್ನೂ ಪಟ್ಟಿಯಿಂದ ನಾನೇ ಬಿಟ್ಟೆ. ನನ್ನ ಹೆಸರನ್ನು ಮಾತ್ರ ಬರೆದುಕೊಂಡೆ! ನಮ್ಮೊಡನೆಯೇ ಇರುವ ಅಕ್ಕನಿಗೆ ಅರುವತ್ತಾರು ವರುಷ. ಅವಳು ಡೇರೆಯಲ್ಲಿ ಮಕ್ಕಳನ್ನು ನೋಡಿಕೊಂಡಿರಲೆಂದು ಎಲ್ಲರೂ ತಿಳಿದಿದ್ದೆವು. ಹಿಂದಿನ ಸಂಜೆ ಶಿಬಿರದಲ್ಲಿ ಎಲ್ಲರೂ ಬುತ್ತಿಯ ಸಿದ್ಧತೆಯಲ್ಲಿದ್ದಾಗ ಅವಳು ತನ್ನ ಕೈಚೀಲದಿಂದ ಹೊಸ ಕ್ಯಾನ್ವಾಸು ಷೂಗಳನ್ನು ತೆಗೆದು ಹೊರಗಿಟ್ಟಳು. ಯಾರೂ ಮಾತಾಡಲಿಲ್ಲ. ನಾನು ಪಟ್ಟಿಯ ವಿಷಯ ಹೇಳಿದೆ.

“ನನ್ನನ್ನು ಒಂದು ಮಾತು ಕೇಳಬಾರದಿತ್ತೇನೋ, ತಮ್ಮಾ?” ಎಂದಳು. ಅಷ್ಟೇ.

ಸೋದರಳಿಯನು ಕೂಡಲೇ ಪ್ರಯತ್ನಿಸಿದನು. ಮರುದಿನದ ಮುನ್ನೂರು ಹೆಸರುಗಳೂ ತುಂಬಿಹೋಗಿದ್ದವು. ನನ್ನ ಅನುಜ್ಞೆಯನ್ನು ಅವಳಿಗೆ ಕೊಡೋಣವೆಂದರೆ ಅದು ಆಗುವ ಮಾತಲ್ಲ. ಬೆಳಗ್ಗೆ ಉಳಿದವರು ಹೊರಟರು. ನಾನು ಅಕ್ಕನೊಡನೆಯೂ ಮಕ್ಕಳೊಡನೆಯೂ ಉಳಿದೆ. ಅವಳು ಆ ಷೂಗಳನ್ನು ತೊಟ್ಟುಕೊಂಡೇ ಶಿಬಿರದ ಎಲ್ಲೆಯೊಳಗೆ ಮಧ್ಯಾಹ್ನದವರೆಗೂ ಓಡಾಡಿದಳು. ನಾನು ಹಿಂದೆ ಹಿಂದೆ ನಡೆದು ದಣಿದು ಕುಳಿತೆ. ಅವಳು ದಣಿಯಲಿಲ್ಲ.

ಬರುವ ಕಾರ್ತಿಕಕ್ಕೆ ಪಟ್ಟಿ ಈಗಲೇ ಸಿದ್ಧವಾಗುತ್ತಿದೆ. ಮೊದಲನೆಯ ಹೆಸರು ಅಕ್ಕನದು, ಬರೆದವಳೂ ಅವಳೇ. ನನ್ನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ, “ಇವನನ್ನು ಕೇಳಬೇಕು” ಎಂದು ಬರೆದಿದ್ದಾಳೆ.