ಹಿಂದಿನ ರಾತ್ರಿ ಮಸೆದ ಕತ್ತಿ

ಆಫ್ರಿಕಾ ಖಂಡದಲ್ಲಿ ಈಗ ಸುಮಾರು 150 ಕೋಟಿ ಜನ. ಅಷ್ಟೂ ಮಂದಿಯನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಂತವರಿಗೆ ಹೆಚ್ಚೂಕಮ್ಮಿ 19 ವರ್ಷ. ಅಂದರೆ ಎಪ್ಪತ್ತೈದು ಕೋಟಿಯಷ್ಟು ಜನ ಡಿಗ್ರಿ ಮುಗಿಸುವ ವಯಸ್ಸಿಗೂ ಬಂದಿಲ್ಲ. ಯುವಕರ ದೇಶ ಎಂದು ನಾವು ಹೇಳಿಕೊಳ್ಳುತ್ತೇವಲ್ಲ, ನಮ್ಮ ಸಾಲಿನ ನಡುವೆ ನಿಲ್ಲುವವರಿಗೆ 28 ಆಗಿದೆ.

ಈ ಖಂಡದ ಪಶ್ಚಿಮ ತುದಿಯಲ್ಲಿರುವ ಸೆನೆಗಲ್ ಹೆಚ್ಚುಕಡಿಮೆ ಕರ್ನಾಟಕದಷ್ಟೇ ದೊಡ್ಡದು. ನಮ್ಮದು 1,91,791 ಚದರ ಕಿಲೋಮೀಟರ್, ಅವರದು 1,96,000ಕ್ಕೆ ಚೂರು ಮೇಲೆ. 2011ರಲ್ಲಿ ನಾವು 6.11 ಕೋಟಿ, ಅವರು ಸುಮಾರು 1.3 ಕೋಟಿ. ಅವರಲ್ಲಿ ಅರ್ಧದಷ್ಟು ಜನ ಇನ್ನೂ ಇಪ್ಪತ್ತು ತುಂಬದವರು. ಅವರನ್ನಾಳುತ್ತಿದ್ದ ಅಧ್ಯಕ್ಷ ಅಬ್ದುಲಾಯೆ ವಾದ್ ಹುಟ್ಟಿದ್ದು 1926ರಲ್ಲಿ. ಎರಡು ಅವಧಿ ಮುಗಿಯುತ್ತ ಬಂದಿದ್ದರೂ ಅವರಿಗೆ ಮೂರನೆಯದೂ ಬೇಕಿತ್ತು.

2011ರ ಜನವರಿಯ ಒಂದು ರಾತ್ರಿ, ರಾಜಧಾನಿ ಡಾಕರ್‌ನಲ್ಲಿ ಪತ್ರಕರ್ತ ಫಾದೆಲ್ ಬಾರೋ ಮನೆಯಲ್ಲಿ ಕೆಲವು ಗೆಳೆಯರು ಸೇರಿದ್ದರು. ಕರೆಂಟ್ ಇರಲಿಲ್ಲ. ಆ ದಿನಗಳಲ್ಲಿ ಊರಿನ ಎಷ್ಟೋ ಬಡಾವಣೆಗಳಲ್ಲಿ ತಾಸುಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಚಾತ್ ಮತ್ತು ಕಿಲಿಫ ಎಂಬ ಇಬ್ಬರು ರ್‍ಯಾಪ್ ಹಾಡುಗಾರರೂ ಅಲ್ಲಿದ್ದರು. ಬೈದುಕೊಂಡು ಮಲಗುವುದಕ್ಕೆ ಅಂದು ಅವರು ಒಪ್ಪಲಿಲ್ಲ. ಅಲ್ಲಿ ಹುಟ್ಟಿದ ಚಳವಳಿಗೆ ಇಟ್ಟ ಹೆಸರು ‘ಯಾನ್ ಅ ಮಾರ್’. ಫ್ರೆಂಚ್ ಮಾತು, ನಮ್ಮ ಬಾಯಲ್ಲಿ ‘ಸಾಕಾಗಿಹೋಯ್ತು’.

ಅರ್ಧದಷ್ಟು ಜನಕ್ಕೆ ಓದು ಬರಹ ಬಾರದ ದೇಶದಲ್ಲಿ ಕರಪತ್ರ ಎಷ್ಟು ದೂರ ಹೋದೀತು? ಹಾಡು ಹೋಗುತ್ತದೆ. ಹೆಚ್ಚಿನವರು ಬಲ್ಲ ವೊಲೊಫ್ ಭಾಷೆಯಲ್ಲಿ ಹಾಡು ಕಟ್ಟಿದರು, ಬಸ್ಸು ಹತ್ತಿ ಸೀಟುಗಳ ನಡುವೆ ನಿಂತು ಹಾಡಿದರು. ಮುಂದಿನ ಸ್ಟಾಪಿನಲ್ಲಿ ಇಳಿದು ಇನ್ನೊಂದು ಬಸ್ಸು.

ಅದೇ ವರ್ಷ ಜೂನ್ 23ರಂದು ಸಂಸತ್ತಿನ ಮುಂದೆ ಒಂದು ಮಸೂದೆ ಬಂತು. ಮೊದಲ ಸುತ್ತಿನಲ್ಲೇ ನೂರಕ್ಕೆ 25 ಮತ ಸಿಕ್ಕರೆ ಸಾಕು, ಅಧ್ಯಕ್ಷರಾಗಬಹುದು ಎಂದಿತ್ತು ಅದರಲ್ಲಿ. ಬೆಳಗ್ಗೆ ಜನ ಬೀದಿಗಿಳಿದರು, ಕತ್ತಲಾಗುವುದರೊಳಗೆ ಸರ್ಕಾರ ಮಸೂದೆಯನ್ನು ವಾಪಸ್ ಪಡೆಯಿತು.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಚಳವಳಿಯವರ ಇನ್ನೊಂದು ಕೆಲಸ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅಭಿಯಾನಕ್ಕೆ ಅವರಿಟ್ಟ ಹೆಸರು ‘ದಾಸ್ ಫನಾನಲ್’. ನಾಳೆಯ ಹೋರಾಟಕ್ಕೆ ಇಂದು ರಾತ್ರಿಯೇ ಆಯುಧ ಮಸೆದಿಡುವುದು ಎಂದು ಅದರ ಅರ್ಥ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಹಂಗಿಸುತ್ತೇವಲ್ಲ, ಅದಕ್ಕೆ ನೇರ ಉತ್ತರ ಇದು. ಅವರು ಮಸೆದ ಆಯುಧ ಒಂದು ಚೀಟಿ, ಅಂಗೈಯಷ್ಟು ಅಗಲದ ಮತದಾರರ ಚೀಟಿ. ಚಳವಳಿಯವರ ಲೆಕ್ಕದಲ್ಲಿ ಹೀಗೆ ಹೆಸರು ಬರೆಸಿದ ಯುವಕ ಯುವತಿಯರು 3 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಮತದಾರರು ಆಗ ಸುಮಾರು 53 ಲಕ್ಷ.

ದಾರಿ ಹೂವಿನದಾಗಿರಲಿಲ್ಲ. ಹಾಡುಗಾರರನ್ನು ಪೊಲೀಸರು ಹಿಡಿದು ಕೂರಿಸಿದರು. ಚುನಾವಣೆಗೆ ಮುಂಚಿನ ಗಲಭೆಗಳಲ್ಲಿ ಕೆಲವರು ಜೀವವನ್ನೇ ಕಳೆದುಕೊಂಡರು.

2012ರ ಫೆಬ್ರವರಿ 26, ಮೊದಲ ಸುತ್ತು: ವಾದ್‌ಗೆ ಶೇ 34.8, ಎದುರಾಳಿ ಮಾಕಿ ಸಾಲ್‌ಗೆ ಶೇ 26.6. ಮಾರ್ಚ್ 25, ಎರಡನೆಯ ಸುತ್ತು: ಸಾಲ್‌ಗೆ ಶೇ 65.8. ಒಂದೇ ತಿಂಗಳಲ್ಲಿ ವಾದ್ ಅವರ ಮತ ಹೆಚ್ಚಿದ್ದು ಸುಮಾರು 50 ಸಾವಿರ, ಸಾಲ್ ಅವರದು ಸುಮಾರು 12 ಲಕ್ಷ. ಸೋತ ವಿರೋಧ ಪಕ್ಷಗಳೆಲ್ಲ ಸಾಲ್ ಬೆನ್ನಿಗೆ ನಿಂತದ್ದು ಇದಕ್ಕೆ ದೊಡ್ಡ ಕಾರಣ. ಹಾಡೊಂದೇ ಗೆದ್ದಿತು ಎಂದರೆ ಅದು ಸುಳ್ಳಾಗುತ್ತದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವರ ಸಿಟ್ಟು ಪೆಟ್ಟಿಗೆಗೆ ಬೀಳುವುದಿಲ್ಲ. ಆ ಸಿಟ್ಟಿಗೆ ಹೆಸರು, ವಿಳಾಸ, ಕ್ರಮಸಂಖ್ಯೆ ಕೊಡಿಸಿದ್ದು ಹಾಡುಗಾರರು.

ಹಾಡು ಗಡಿ ದಾಟಿತು. 2013ರಲ್ಲಿ ಬುರ್ಕಿನಾ ಫಾಸೊದಲ್ಲಿ ರ್‍ಯಾಪರ್ ಸ್ಮಾಕಿ ಮತ್ತು ರೆಗ್ಗೆ ಗಾಯಕ ಸ್ಯಾಮ್ಸ್‌ಕೆ ಲ ಜಾ ಸೇರಿ ‘ನಾಗರಿಕರ ಪೊರಕೆ’ ಎಂಬ ಸಂಘಟನೆ ಕಟ್ಟಿದರು. ಅಲ್ಲಿನ ಅಧ್ಯಕ್ಷ ಬ್ಲೇಸ್ ಕಾಂಪೌರೆ ಅಧಿಕಾರ ಹಿಡಿದು ಆಗಲೇ ಸುಮಾರು 26 ವರ್ಷ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಬೇರೊಬ್ಬ ಅಧ್ಯಕ್ಷರನ್ನು ಕಂಡೇ ಇರಲಿಲ್ಲ. 2014ರ ಅಕ್ಟೋಬರಿನಲ್ಲಿ ರಾಜಧಾನಿ ವಾಗಡೂಗುವಿನ ಬೀದಿಗಳಲ್ಲಿ ಹೆಂಗಸರು ಮರದ ಸೌಟು ಎತ್ತಿ ನಡೆದರು, ಹುಡುಗರು ಪೊರಕೆ ಹಿಡಿದರು. ತಿಂಗಳ ಕೊನೆಯ ದಿನ ಕಾಂಪೌರೆ ಕುರ್ಚಿ ಬಿಟ್ಟು ಹೊರಟರು. ಮರುದಿನ ಅವೇ ಪೊರಕೆಗಳು ಗಲಭೆಯ ಕಸ ಗುಡಿಸಿದವು. ಈಗ ಅಲ್ಲಿ ಮತ್ತೆ ಸೇನೆಯ ಆಳ್ವಿಕೆ, ಆ ನೋವನ್ನು ಮುಚ್ಚಿಡುವಂತಿಲ್ಲ.

ಸೆನೆಗಲ್‌ನಲ್ಲಿ ಮತಪೆಟ್ಟಿಗೆ ಇನ್ನೂ ಉಳಿದಿದೆ. 2024ರಲ್ಲಿ ಅಲ್ಲಿನವರು ಇನ್ನೇನು 44 ತುಂಬಲಿದ್ದ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಕರೆಂಟ್ ಹೋಗಿದ್ದ ಆ ಜನವರಿ ರಾತ್ರಿ ಡಾಕರ್‌ನಲ್ಲಿ ಹುಟ್ಟಿದ ಕೂಸಿಗೆ 2029ರ ಜನವರಿಗೆ 18 ತುಂಬುತ್ತದೆ. ಅಲ್ಲಿ ಮುಂದಿನ ಅಧ್ಯಕ್ಷ ಚುನಾವಣೆ ನಡೆಯಬೇಕಿರುವುದೂ 2029ರಲ್ಲೇ.